ಸೋಲ್ಯೆಸ್ ಅಂಜೂರ: ತಳಿ ಮತ್ತು ಹೆಸರು

ಆಗ್ನೇಯ ಫ್ರಾನ್ಸಿನ ವಾರ್ ಜಿಲ್ಲೆಯ ಸೋಲ್ಯೆಸ್ ಪ್ರದೇಶವು 'ಬುರ್ಜಸೋತ್ ನ್ವಾರ್' ಎಂಬ ಸಾಂಪ್ರದಾಯಿಕ ಅಂಜೂರದ ತಳಿಗೆ ಪ್ರಸಿದ್ಧವಾಗಿದೆ. ಒತ್ತಿದ ಹನಿಯಂತಹ ಆಕಾರ, ಕಡುನೇರಳೆ ಸಿಪ್ಪೆ ಹಾಗೂ ಕೆಂಪು ತಿರುಳು ಇದರ ಲಕ್ಷಣಗಳು. ವರ್ಷಕ್ಕೆ ಒಂದೇ ಫಸಲು. ಕೊಯ್ಲು ಆಗಸ್ಟ್ ಮಧ್ಯಭಾಗದ ನಂತರ ಆರಂಭವಾಗುತ್ತದೆ. ಅಂಜೂರವು ಕೊಯ್ದ ಬಳಿಕ ಸರಿಯಾಗಿ ಮಾಗುವುದಿಲ್ಲವಾದ್ದರಿಂದ, ಗಿಡದಲ್ಲಿಯೇ ಮಾಗಿದ ಹಣ್ಣನ್ನು ಕೈಯಿಂದ ಬಿಡಿಸಿ ಶೀಘ್ರವಾಗಿ ಮಾರುಕಟ್ಟೆಗೆ ಸಾಗಿಸಬೇಕು.

ಈ ತಳಿಯನ್ನು ಬೇರೆಡೆಯೂ ಬೆಳೆಯಬಹುದು. ಆದರೆ 2006ರಲ್ಲಿ ಫ್ರಾನ್ಸಿನ ಮೂಲಸ್ಥಾನ ಮಾನ್ಯತೆಯನ್ನೂ, 2011ರಲ್ಲಿ ಐರೋಪ್ಯ ಒಕ್ಕೂಟದ ರಕ್ಷಣೆಯನ್ನೂ ಪಡೆದ 'ಸೋಲ್ಯೆಸ್ ಅಂಜೂರ' ಎಂಬ ಹೆಸರು, ಗೊತ್ತುಪಡಿಸಿದ ಗ್ರಾಮಗಳಲ್ಲಿ ನಿಯಮಾನುಸಾರ ಬೆಳೆದ ತಾಜಾ ಹಣ್ಣಿಗೆ ಮಾತ್ರ ಸಲ್ಲುತ್ತದೆ. ಎಲ್ಲೆಯಾಚೆಯ ತೋಟದ ಹಣ್ಣು ಅದೇ ತಳಿಯದಾದರೂ ಆ ಹೆಸರಿನಲ್ಲಿ ಮಾರುವಂತಿಲ್ಲ. ಆದ್ದರಿಂದ ಖರೀದಿದಾರರು ತಳಿಯೊಡನೆ ಮೂಲದ ದಾಖಲೆಯನ್ನೂ ಪರಿಶೀಲಿಸಿದ ನಂತರವೇ ಬೆಲೆ ನಿರ್ಧರಿಸುವುದು ಸೂಕ್ತ.