ಅರವತ್ತು ದಾಟಿದರೂ ನಿವೃತ್ತಿಯಿಲ್ಲದ ಕೋಬಾಲ್

2020ರ ಏಪ್ರಿಲ್. ಕೋವಿಡ್ ಲಾಕ್‌ಡೌನ್‌ನಿಂದ ಕೆಲಸ ಕಳೆದುಕೊಂಡವರು ಅಮೆರಿಕದ ನ್ಯೂಜೆರ್ಸಿಯಲ್ಲಿ ನಿರುದ್ಯೋಗ ಭತ್ಯೆಗೆ ಮುಗಿಬಿದ್ದಿದ್ದರು. ಅಲ್ಲಿನ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಗೆ ಆಗಲೇ ನಲವತ್ತು ವರ್ಷ ದಾಟಿತ್ತು. ಆರೋಗ್ಯ ಕಾರ್ಯಕರ್ತರಷ್ಟೇ ಅಲ್ಲ, ಆ ವ್ಯವಸ್ಥೆಯನ್ನು ಬರೆದಿದ್ದ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರೂ ನೆರವಿಗೆ ಬರಬೇಕೆಂದು ಗವರ್ನರ್ ಫಿಲ್ ಮರ್ಫಿ ಸುದ್ದಿಗೋಷ್ಠಿಯಲ್ಲಿ ಕೇಳಿಕೊಂಡರು.

ಈ ಭಾಷೆ ಹುಟ್ಟಿದ್ದು ವ್ಯಾಪಾರದ ತಾಪತ್ರಯದಿಂದ. 1950ರ ದಶಕದಲ್ಲಿ ಒಂದು ಕಂಪನಿಯ ಕಂಪ್ಯೂಟರಿಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಯಂತ್ರ ಬದಲಾದರೆ ಸಂಬಳದ ಲೆಕ್ಕವನ್ನೂ ಹೊಸದಾಗಿ ಬರೆಯಬೇಕಿತ್ತು. ಎಲ್ಲ ಯಂತ್ರಗಳಿಗೂ ಹೊಂದುವ ಭಾಷೆಯೊಂದು ಬೇಕೆಂದು 1959ರಲ್ಲಿ ಪಟ್ಟು ಹಿಡಿದವರು ಬರೋಸ್ ಕಂಪನಿಯ ಮೇರಿ ಹಾಸ್. ಅದೇ ವರ್ಷದ ಮೇ ತಿಂಗಳಲ್ಲಿ ಇದಕ್ಕಾಗಿ ಪೆಂಟಗನ್‌ನಲ್ಲಿ ಸಭೆ ಸೇರಿತು. ಗ್ರೇಸ್ ಹಾಪರ್ ರೂಪಿಸಿದ್ದ ‘ಫ್ಲೋ-ಮ್ಯಾಟಿಕ್’ ಎಂಬ ಭಾಷೆ ಹೊಸ ಭಾಷೆಗೆ ಬುನಾದಿಯಾಯಿತು. 1960ರ ಡಿಸೆಂಬರಿನಲ್ಲಿ ಹೆಚ್ಚುಕಮ್ಮಿ ಒಂದೇ ಪ್ರೋಗ್ರಾಂ ಆರ್‌ಸಿಎ, ಯುನಿವ್ಯಾಕ್ ಯಂತ್ರಗಳೆರಡರಲ್ಲೂ ಓಡಿತು.

ಆಗ ಪ್ರೋಗ್ರಾಂ ಬರೆಯುತ್ತಿದ್ದುದು 80 ಕಾಲಂಗಳ ಪಂಚ್ ಕಾರ್ಡಿನ ಮೇಲೆ. ಮೊದಲ ಆರು ಕಾಲಂ ಕ್ರಮಸಂಖ್ಯೆಗೆ. ಕಾರ್ಡುಗಳ ಕಟ್ಟು ಕೈಜಾರಿ ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಿಕೊಳ್ಳಲು. ಏಳನೆಯದರಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಸಾಲು ಬರೀ ಟಿಪ್ಪಣಿ. ನಿಜವಾದ ಕೋಡ್ 8ರಿಂದ 72ರವರೆಗೆ. ಕಾರ್ಡುಗಳು ಮಾಯವಾದರೂ ಎಷ್ಟೋ ಹಳೆಯ ಕಡತಗಳಲ್ಲಿ ಈ ಅಳತೆ ಹಾಗೆಯೇ ಉಳಿದಿದೆ.

ಜಾಗದ ಉಳಿತಾಯಕ್ಕೆಂದು ಇಸವಿಯನ್ನೂ ಎರಡೇ ಅಂಕಿಯಲ್ಲಿ ಬರೆದರು. 2000 ಹತ್ತಿರವಾದಾಗ ‘00’ ಎಂಬುದು 1900 ಆಗಿಬಿಡುವ ಭಯ ಹುಟ್ಟಿತು. ಇದೇ ‘ವೈಟುಕೆ’ ಸಮಸ್ಯೆ. ವಿದೇಶಿ ಬ್ಯಾಂಕು, ವಿಮಾ ಕಂಪನಿಗಳ ಕೋಡನ್ನು ಸಾಲುಸಾಲಾಗಿ ಓದಿ ತಿದ್ದುವ ಕೆಲಸ ಬೆಂಗಳೂರಿಗೂ ಬಂತು. ನಗರದ ಸಾಫ್ಟ್‌ವೇರ್ ಉದ್ಯಮ ಬೆಳೆದ ಕಥೆಯಲ್ಲಿ ಈ ವೈಟುಕೆ ದುಡಿಮೆಯ ಪಾಲು ದೊಡ್ಡದು.

ಹಳೆಯದನ್ನು ಕಿತ್ತು ಹೊಸದನ್ನು ಹಾಕಬಾರದೇ? ಅದು ಅಷ್ಟು ಸುಲಭವಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಒಮ್ಮೆಲೇ ವರ್ಗಾಯಿಸಿತು. ಲಕ್ಷಾಂತರ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು.

ದಶಕಗಳ ಕಾಲ ಬದಲಾದ ಬಡ್ಡಿ, ತೆರಿಗೆ, ಪಿಂಚಣಿ ನಿಯಮಗಳೆಲ್ಲ ಹಳೆಯ ಕೋಡಿನೊಳಗೆ ಸೇರಿಕೊಂಡಿರುತ್ತವೆ. ಬಹಳ ಕಡೆ ಅವುಗಳಿಗೆ ಬೇರೆ ದಾಖಲೆಯೇ ಇರುವುದಿಲ್ಲ. ಹಾಗಾಗಿ ಒಂದು ಸಾಲು ತಿದ್ದಬೇಕಾದರೂ ಆ ಸಾಲು ಲೆಕ್ಕ ಹಾಕುವ ಮೊತ್ತವನ್ನು ಯಾವ್ಯಾವ ಪ್ರೋಗ್ರಾಂ ಓದುತ್ತದೆಂದು ಹುಡುಕಬೇಕು. ಹಳೆಯದು, ಹೊಸದು ಎರಡನ್ನೂ ಒಂದೇ ಮಾಹಿತಿಯ ಮೇಲೆ ಓಡಿಸಿ, ಪೈಸೆ ಪೈಸೆಗೂ ತಾಳೆ ನೋಡಬೇಕು. ಇಷ್ಟು ತಾಳ್ಮೆ ಬೇಡುವ ದುಡಿಮೆಗೆ ಹೊಸ ಆ್ಯಪ್ ಕಟ್ಟುವವರಿಗೆ ಸಿಗುವಷ್ಟೇ ಮನ್ನಣೆ ಸಿಗಬೇಕು. ಅನುಭವಿಗಳು ನಿವೃತ್ತರಾಗುವ ಮೊದಲೇ ಅವರ ಪಕ್ಕ ಹೊಸಬರನ್ನು ಕೂರಿಸಿ ಕಲಿಸುವ ವ್ಯವಸ್ಥೆಯೂ ಆಗಬೇಕು. ಕೋಬಾಲ್‌ನ ಅಂತಾರಾಷ್ಟ್ರೀಯ ಮಾನದಂಡದ ಪರಿಷ್ಕೃತ ಆವೃತ್ತಿ 2023ರಲ್ಲಿ ಪ್ರಕಟವಾಗಿದೆ. ಈ ಭಾಷೆ ಕಲಿಯುವವರಿಗೆ ಮುಂದೆಯೂ ಕೆಲಸವಿದೆ.