ಜೀಪಿನ ಟೈರೂ ಡೀಸೆಲ್ ಖರ್ಚೂ

ಮಲೆನಾಡಿನ ಕಚ್ಚಾ ರಸ್ತೆಗಳಲ್ಲಿ ಜೀಪನ್ನು ಬಾಡಿಗೆಗೆ ಓಡಿಸುವವನ ದಿನದ ಗಳಿಕೆ ಡೀಸೆಲ್ಲಿನ ಖರ್ಚಿನ ಮೇಲೆ ನಿಂತಿದೆ. ಆದುದರಿಂದ ದೊಡ್ಡ ಟೈರು ಹಾಕಿಸಿದರೆ ಲಾಭವೋ ನಷ್ಟವೋ ಎಂಬುದನ್ನು ಇಲ್ಲಿ ವಿಚಾರಮಾಡಬಯಸುತ್ತೇನೆ.

ಟೈರಿನ ಮೇಲೆ 245/75 ಆರ್ 16 ಎಂದು ಬರೆದಿದ್ದರೆ 245 ಮಿಲಿಮೀಟರು ಅದರ ಅಗಲ. ಆ ಅಗಲದ ಶೇಕಡಾ 75 ಪಕ್ಕದ ಎತ್ತರ. 16 ಅಂಗುಲ ರಿಮ್ಮಿನ ವ್ಯಾಸ. ಒಟ್ಟು ವ್ಯಾಸ ಸುಮಾರು 774 ಮಿಲಿಮೀಟರಾಯಿತು. ಇದರ ಬದಲು 265/75 ಆರ್ 16 ಹಾಕಿಸಿದರೆ 804 ಆಗುತ್ತದೆ. ಎಂದರೆ ಸುಮಾರು ಶೇಕಡಾ 4 ಹೆಚ್ಚು. ಗಾಡಿಯ ಮೀಟರಾದರೋ ಸುತ್ತುಗಳನ್ನು ಮಾತ್ರ ಎಣಿಸುತ್ತದೆ. ಹಳೆಯ ಟೈರಿನಲ್ಲಿ 100 ಕಿಲೋಮೀಟರು ತೋರಿಸುತ್ತಿದ್ದಷ್ಟು ಸುತ್ತುಗಳಿಗೆ ಈಗ ಗಾಡಿ 104 ಕಿಲೋಮೀಟರು ಸಾಗಿರುತ್ತದೆ. ಇದನ್ನು ಗಮನಿಸದವನಿಗೆ ನಷ್ಟ ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದು.

ಹಾಗಾದರೆ ನಷ್ಟವೇ ಇಲ್ಲವೇ? ಉಂಟು. ದೊಡ್ಡ ಟೈರು ಭಾರವಾದುದರಿಂದ ಪ್ರತಿ ಸಲ ನಿಂತು ಹೊರಡುವಾಗಲೂ ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕು. ಕೆಸರಿಗೆಂದು ಮಾಡಿದ ದಪ್ಪ ಉಬ್ಬುಗಳ ಟೈರು ಡಾಂಬರಿನ ಮೇಲೆ ಉರುಳುವಾಗ ಆ ಉಬ್ಬುಗಳು ಬಾಗಿ ಬಾಗಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಏರಿನಲ್ಲಿ ಬೇಗನೆ ಗೇರು ಇಳಿಸಬೇಕಾಗುತ್ತದೆ. ಮೆತ್ತನೆಯ ನೆಲದಲ್ಲಿ ಮಾತ್ರ ಮಾತು ಬೇರೆ: ಅಲ್ಲಿ ದೊಡ್ಡ ಟೈರು ಕಡಿಮೆ ಹೂತುಹೋಗುವುದರಿಂದ ಎಂಜಿನ್ನಿನ ಶ್ರಮ ತಗ್ಗಬಹುದು.

ಆದಕಾರಣ ಓಟವೆಲ್ಲ ಬಹುಮಟ್ಟಿಗೆ ಡಾಂಬರಿನ ಮೇಲೆಯೇ ಆಗುವುದಾದರೆ, ತಯಾರಕರು ಹೇಳಿದ ಅಳತೆಯೇ ಮೇಲೆಂದು ನನ್ನ ಅಭಿಪ್ರಾಯ. ಈ ದೊಡ್ಡ ಅಳತೆಯನ್ನೇ ಹಾಕಿಸಿದವನು ಮೀಟರಿನ ಓಟಕ್ಕೆ ಶೇಕಡಾ 4 ಕೂಡಿಸಿ ಲೆಕ್ಕಮಾಡಲಿ. ನಿಜವಾದ ನಷ್ಟವೆಷ್ಟೆಂಬುದು ಆಗ ತಿಳಿದೀತು.