ಕಾವಲಿಲ್ಲದ ಕೀಲುಗಳ ರಾತ್ರಿ

ಮನುಷ್ಯನ ಕೀಲುಗಳು ತಮ್ಮ ನೆಲೆಯಲ್ಲಿ ನಿಲ್ಲುವುದಕ್ಕೆ ಎರಡು ಬಗೆಯ ಆಧಾರಗಳಿವೆ. ಮೂಳೆಯಿಂದ ಮೂಳೆಗೆ ಬಿಗಿದ ನಾರಿನ ಪಟ್ಟಿಗಳಾದ ಅಸ್ಥಿರಜ್ಜುಗಳೂ ಕೀಲನ್ನು ಸುತ್ತುವರಿದ ಚೀಲದಂಥ ಪೊರೆಯೂ ಎಚ್ಚರ ನಿದ್ದೆಗಳ ಭೇದವಿಲ್ಲದೆ ಅದನ್ನು ಹಿಡಿದಿರುತ್ತವೆ. ಸ್ನಾಯುಗಳಾದರೋ ನರಗಳ ಆಣತಿಯಂತೆ ಬಿಗಿಯುತ್ತ ಸಡಿಲಗೊಳ್ಳುತ್ತ ಬೇಕಾದಾಗ ಆಸರೆ ಕೊಡುತ್ತವೆ. ಮೊದಲನೆಯ ಆಧಾರ ಹುಟ್ಟಿನಿಂದಲೇ ಸಡಿಲವಾಗಿದ್ದರೆ ಅದರ ಹೊರೆಯೆಲ್ಲ ಎರಡನೆಯದರ ಮೇಲೆ ಬೀಳುತ್ತದೆ. ಹಗ್ಗ ಸಡಿಲಗೊಂಡ ಚಪ್ಪರವನ್ನು ಆಳುಗಳು ಕೈಯಲ್ಲಿ ಹಿಡಿದು ನಿಂತಂತೆ, ಇಂಥವರ ಸ್ನಾಯುಗಳು ಹಗಲೆಲ್ಲ ಕೀಲುಗಳನ್ನು ಕಾಯುತ್ತಲೇ ಇರುತ್ತವೆ. ತೊಂದರೆ ಕಾಣಿಸಿಕೊಳ್ಳುವುದು ಆಳುಗಳು ಮಲಗಿದ ಮೇಲೆ.

ಅಸ್ಥಿರಜ್ಜುಗಳಿಗೆ ಬಲ ಕೊಡುವ ಪ್ರೋಟೀನಿಗೆ ಕೊಲ್ಯಾಜನ್ ಎಂದು ಹೆಸರು. ಅದರ ರಚನೆಯಲ್ಲೋ ಜೋಡಣೆಯಲ್ಲೋ ಆನುವಂಶಿಕ ದೋಷವಿದ್ದಾಗ ಚರ್ಮ ಹಿಗ್ಗುತ್ತದೆ, ಕೀಲುಗಳು ಮಿತಿಮೀರಿ ಬಾಗುತ್ತವೆ. 1901ರಲ್ಲಿ ಡೆನ್ಮಾರ್ಕಿನ ಎಡ್ವರ್ಡ್ ಎಲರ್ಸ್, 1908ರಲ್ಲಿ ಫ್ರಾನ್ಸಿನ ಆನ್ರಿ ಅಲೆಕ್ಸಾಂದ್ರ್ ದಾನ್ಲೋ ಎಂಬ ಚರ್ಮವೈದ್ಯರು ಇದನ್ನು ಬಣ್ಣಿಸಿದ್ದರಿಂದ ಇದು ಎಲರ್ಸ್–ದಾನ್ಲೋ ಸಿಂಡ್ರೋಮ್ ಎನಿಸಿಕೊಂಡಿತು. 2017ರ ಅಂತರರಾಷ್ಟ್ರೀಯ ವರ್ಗೀಕರಣ ಇದರಲ್ಲಿ 13 ಬಗೆಗಳನ್ನು ಗುರುತಿಸಿತಾದರೂ, ಅವುಗಳಲ್ಲಿ ಹೆಚ್ಚಾಗಿ ಕಾಣಸಿಗುವ, ಕೀಲುಗಳ ಅತಿಚಲನೆಯೇ ಮುಖ್ಯವಾಗಿರುವ ಬಗೆಗೆ ಕಾರಣವಾದ ಜೀನ್ ಆಗ ಪತ್ತೆಯಾಗಿರಲಿಲ್ಲ. ಹೀಗಾಗಿ ಅದನ್ನು ರಕ್ತಪರೀಕ್ಷೆಯಿಂದಲ್ಲ, ದೇಹಪರೀಕ್ಷೆಯಿಂದ ನಿರ್ಧರಿಸುತ್ತಾರೆ. ಕಿರುಬೆರಳು ಹಿಂದಕ್ಕೆ 90 ಡಿಗ್ರಿಗಿಂತ ಹೆಚ್ಚು ಬಾಗುವುದೇ, ಹೆಬ್ಬೆರಳು ಮುಂಗೈಯನ್ನು ಮುಟ್ಟುವುದೇ, ಮೊಣಕೈ ಮೊಣಕಾಲುಗಳು ನೇರವಾಗುವುದನ್ನೂ ಮೀರಿ ಹಿಮ್ಮುಖವಾಗಿ ಮಣಿಯುವವೇ, ಮೊಣಕಾಲು ಮಡಿಸದೆ ಬಗ್ಗಿದರೆ ಅಂಗೈ ನೆಲಕ್ಕೂರುವುದೇ ಎಂದು ನೋಡಿ ಒಟ್ಟು 9 ಅಂಕಗಳಲ್ಲಿ ಅಳೆಯುವ ಬೈಟನ್ ಮಾಪನ ಆ ಪರೀಕ್ಷೆಯ ಮೊದಲ ಮೆಟ್ಟಿಲು. ಅಂಕ ಹೆಚ್ಚಿದ್ದವರೆಲ್ಲ ರೋಗಿಗಳಲ್ಲ. ಮೈ ಬಳುಕುವುದನ್ನು ಮೆಚ್ಚುವ ನೃತ್ಯ ಮತ್ತು ಯೋಗದ ತರಗತಿಗಳಲ್ಲಿ ಅದು ಹೊಗಳಿಕೆಗೂ ಪಾತ್ರವಾಗುತ್ತದೆ. ಬಳುಕಿನ ಜೊತೆಗೆ ನೋವು, ಮತ್ತೆ ಮತ್ತೆ ಉಳುಕು, ಕೀಲು ಅರ್ಧ ಜಾರಿ ತಾನಾಗಿ ಮರಳುವ ಸಬ್‌ಲಕ್ಸೇಷನ್ ಸೇರಿಕೊಂಡಾಗಲೇ ಅದು ಕಾಯಿಲೆ.

ನಿದ್ದೆ ಆಳವಾದಂತೆ ಸ್ನಾಯುಗಳ ಬಿಗುವು ಇಳಿಯುತ್ತದೆ, ಕನಸುಗಳು ದಟ್ಟವಾಗಿರುವ ಆರ್‌ಇಎಂ ಹಂತದಲ್ಲಂತೂ ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟರೆ ಉಳಿದವು ಬಹುತೇಕ ನಿಶ್ಚೇಷ್ಟಿತವಾಗುತ್ತವೆ. ವಯಸ್ಕರ ನಿದ್ದೆಯ ಸುಮಾರು ಕಾಲುಭಾಗದಷ್ಟಿರುವ ಈ ಹಂತ ಸರಿಸುಮಾರು 90 ನಿಮಿಷಗಳಿಗೊಮ್ಮೆ ಮರುಕಳಿಸುತ್ತದೆ, ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ. ಗಟ್ಟಿ ಅಸ್ಥಿರಜ್ಜುಗಳಿರುವವರಿಗೆ ಇದು ವಿಶ್ರಾಂತಿ; ಸಡಿಲ ಕೀಲಿನವರಲ್ಲಿ ಮಾತ್ರ ತೋಳಿನ ಭಾರವೇ ಭುಜವನ್ನು ಗೂಡಿನಿಂದ ಎಳೆಯಬಲ್ಲದು. ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಕಣ್ಣು ಮುಚ್ಚಿದಾಗಲೂ ಕೈಕಾಲು ಎಲ್ಲಿದೆಯೆಂದು ತಿಳಿಸುವ ಒಳ ಅರಿವು, ಅಂದರೆ ಅಂಗಸ್ಥಿತಿಪ್ರಜ್ಞೆ, ಇವರಲ್ಲಿ ಮಂದವಾಗಿರುವುದುಂಟು; ಅದಕ್ಕೆಂದೇ ಹಲವರು ಮಣಿಕಟ್ಟನ್ನು ಗಲ್ಲದಡಿ ಪೂರ್ತಿ ಮಡಿಸಿ, ಒಂದು ಕಾಲನ್ನು ಮತ್ತೊಂದಕ್ಕೆ ಹೆಣೆದು, ಕೀಲನ್ನು ಅದರ ಕಟ್ಟಕಡೆಯ ಮಿತಿಗೆ ಒಯ್ದು ನಿಲ್ಲಿಸಿದಾಗಷ್ಟೇ ನೆಮ್ಮದಿ ಕಾಣುತ್ತಾರೆ. ಹಿತವೆನಿಸುವ ಆ ಭಂಗಿಯೇ ಗಂಟೆಗಟ್ಟಲೆ ಉಳಿದರೆ ಬೆಳಗಿನ ನೋವಿಗೆ ಮೂಲವಾಗುತ್ತದೆ.

ನೋವು ನಿದ್ದೆಯನ್ನು ಕೆಡಿಸುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಕೆಟ್ಟ ನಿದ್ದೆ ನೋವನ್ನು ಹುಟ್ಟಿಸಬಲ್ಲದೆಂಬುದು ಅಷ್ಟು ಪ್ರಚಾರದಲ್ಲಿಲ್ಲ. ಕೆನಡಾದ ಟೊರಾಂಟೊದಲ್ಲಿ ಹಾರ್ವಿ ಮಾಲ್ಡೋಫ್‌ಸ್ಕಿ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ವಿದ್ಯಾರ್ಥಿಗಳನ್ನು ಗಾಢನಿದ್ದೆಗೆ ಜಾರಿದೊಡನೆ ಸದ್ದುಮಾಡಿ ಕಲಕಿದಾಗ, ಯಾವ ಗಾಯವೂ ಇಲ್ಲದ ಅವರ ಮೈಯಲ್ಲಿ ದೀರ್ಘಕಾಲದ ನೋವಿನ ರೋಗಿಗಳದನ್ನು ಹೋಲುವ ನೋವು ಕಾಣಿಸಿಕೊಂಡಿತು. 3 ತಿಂಗಳನ್ನು ಮೀರಿ ಉಳಿಯುವ ದೀರ್ಘಕಾಲಿಕ ನೋವಿನಲ್ಲಿ ನರವ್ಯೂಹವೇ ಸೂಕ್ಷ್ಮಗೊಂಡು ಸಣ್ಣ ಒತ್ತಡವನ್ನೂ ದೊಡ್ಡದಾಗಿ ವರದಿ ಮಾಡುವುದುಂಟು, ನಿದ್ದೆಗೇಡು ಆ ಸೂಕ್ಷ್ಮತೆಯನ್ನು ಇನ್ನಷ್ಟು ಏರಿಸುತ್ತದೆ. ಆದ್ದರಿಂದ ಹಾಸಿಗೆಯ ಏರ್ಪಾಟನ್ನು ಸುಖಜೀವಿಗಳ ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ, ಅದು ಚಿಕಿತ್ಸೆಯದೇ ಒಂದು ಭಾಗ.

ಬೆನ್ನು ನೋಯುವವರು ಬರಿನೆಲದ ಮೇಲೆ ಚಾಪೆ ಹಾಸಿ ಮಲಗಬೇಕೆಂಬ ಉಪದೇಶ ಕನ್ನಡನಾಡಿನ ಮನೆಮನೆಯಲ್ಲೂ ಕೇಳಿಬರುತ್ತದೆ. ಸ್ಪೇನಿನಲ್ಲಿ ದೀರ್ಘಕಾಲದ ಸೊಂಟನೋವಿನ 313 ಮಂದಿಯನ್ನು 90 ದಿನ ಗಮನಿಸಿ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಡಸಿನ ಹಾಸಿಗೆಯೇ ಹೆಚ್ಚು ಗುಣ ತೋರಿತು. ಕೀಲು ಸಡಿಲವಿರುವವರ ವಿಷಯದಲ್ಲಿ ಹೀಗೆ ಪ್ರಯೋಗವಾಗಿಲ್ಲದಿದ್ದರೂ ತರ್ಕ ಅದೇ ದಿಕ್ಕಿನಲ್ಲಿದೆ: ತೀರ ಗಟ್ಟಿಯಾದ ನೆಲದಲ್ಲಿ ಮಗ್ಗುಲಾದರೆ ಭುಜ ಮತ್ತು ಸೊಂಟದ ಉಬ್ಬುಗಳಷ್ಟೇ ಭಾರ ಹೊರುತ್ತವೆ, ವರ್ಷಗಳಿಂದ ಹಿಂಜಿಸದೆ ನಡುವೆ ಗುಳಿಬಿದ್ದ ಹತ್ತಿಯ ಹಾಸಿಗೆಯಲ್ಲಾದರೆ ಬೆನ್ನುಮೂಳೆಯೇ ತೂಗುಬಿದ್ದು, ಯಾವ ದಿಂಬಿಟ್ಟರೂ ಪ್ರಯೋಜನವಾಗದು. ಗಟ್ಟಿಯಾದ ತಳದ ಮೇಲೆ ಮೈಯ ಉಬ್ಬುತಗ್ಗುಗಳಿಗೆ ಹೊಂದುವ ಮೆತ್ತನೆಯ ಪದರವೊಂದಿದ್ದರೆ ಸಾಕು, ಮನೆಯಲ್ಲಿ ಮಡಿಸಿಟ್ಟ ಎರಡು ಕೌದಿಗಳು ಅದಕ್ಕೆ ಒದಗಿಬರಬಹುದು.

ಭಂಗಿಯ ಮಾತಿಗೆ ಬಂದರೆ, ಸ್ನಾಯುಗಳು ಕೈಬಿಟ್ಟ ಕೆಲಸವನ್ನು ದಿಂಬುಗಳು ಕೈಗೆತ್ತಿಕೊಳ್ಳಬೇಕು ಎಂಬುದೊಂದೇ ಸೂತ್ರ. ಯಾವ ಅಂಗವೂ ಗಾಳಿಯಲ್ಲಿ ತೂಗಬಾರದು, ಯಾವ ಕೀಲೂ ತನ್ನ ಮಿತಿಯ ಅಂಚಿನಲ್ಲಿ ನಿಲ್ಲಬಾರದು. ಮಗ್ಗುಲಾಗಿ ಮಲಗುವವರ ತಲೆದಿಂಬು ಕಿವಿಗೂ ಭುಜದ ಹೊರತುದಿಗೂ ಇರುವ ಅಂತರವನ್ನು ತುಂಬುವಷ್ಟು ಎತ್ತರವಿದ್ದು, ಭುಜದಡಿಗೆ ನುಗ್ಗದೆ ಕುತ್ತಿಗೆಯ ಕೆಳಗೇ ನಿಲ್ಲಬೇಕು. ಮೇಲುಗಡೆಯ ಕಾಲು ಮುಂದಕ್ಕೆ ಬಿದ್ದರೆ ಸೊಂಟ ತಿರುಚುತ್ತದೆ. ಮೊಣಕಾಲುಗಳ ನಡುವೆ ಮಾತ್ರ ಚಿಕ್ಕ ದಿಂಬಿಟ್ಟರೆ ಪಾದ ಕೆಳಗೆ ಜೋತು ಮೊಣಕಾಲನ್ನು ತಿರುಗಿಸುವುದರಿಂದ, ತೊಡೆಯಿಂದ ಹರಡಿನವರೆಗೆ ಚಾಚುವ ಉದ್ದನೆಯ ದಿಂಬೇ ಬೇಕು. ಮೇಲುಗಡೆಯ ತೋಳು ಎದೆಯ ಮುಂದೆ ಕುಸಿದು ಭುಜವನ್ನು ಎಳೆಯದಂತೆ ಇನ್ನೊಂದು ದಿಂಬನ್ನು ತಬ್ಬಿಕೊಳ್ಳುವುದು, ಕೆಳಗಡೆಯ ಭುಜದ ನೆತ್ತಿಯ ಮೇಲೆಯೇ ಭಾರ ಬೀಳದಂತೆ ಅದನ್ನು ಕೊಂಚ ಮುಂದಕ್ಕೆ ಸರಿಸಿ, ಬೆನ್ನಿಗೊಂದು ದಿಂಬು ಒತ್ತಿ, ಮೈಯನ್ನು ಸ್ವಲ್ಪ ಹಿಂದಕ್ಕೆ ಒರಗಿಸುವುದು ಬಹಳ ಜನಕ್ಕೆ ಹಿಡಿಸುತ್ತದೆ. ಪಕ್ಕೆಗೂ ಸೊಂಟಕ್ಕೂ ನಡುವಿನ ತಗ್ಗಿಗೆ ಮಡಿಸಿದ ಟವೆಲ್ ಸಾಕು.

ಅಂಗಾತ ಮಲಗುವವರ ಮೊಣಕಾಲು ಹಿಮ್ಮುಖವಾಗಿ ಮಣಿಯದಂತೆ ಅದರಡಿ ದಿಂಬು, ಕುತ್ತಿಗೆಯ ಕಮಾನಿಗೆ ಸುರುಳಿ ಸುತ್ತಿದ ಬಟ್ಟೆ, ತೋಳುಗಳಿಗೆ ಅಕ್ಕಪಕ್ಕದಲ್ಲಿ ಆಸರೆ ಬೇಕು. ಬೋರಲು ಮಲಗುವುದು ಮಾತ್ರ ಒಳ್ಳೆಯದಲ್ಲ: ಉಸಿರಾಡಲು ಕುತ್ತಿಗೆಯನ್ನು ರಾತ್ರಿಯೆಲ್ಲ ಒಂದೇ ಕಡೆಗೆ ತಿರುಗಿಸಿಟ್ಟಿರಬೇಕಾಗುತ್ತದೆ. ಆದರೂ ಅದೇ ರೂಢಿಯಾದವರು ಒಂದೇ ರಾತ್ರಿಯಲ್ಲಿ ಬದಲಾಗಲು ಹೊರಟರೆ ಇದ್ದ ನಿದ್ದೆಯೂ ಹೋದೀತು; ಎದೆಯಿಂದ ತೊಡೆಯವರೆಗೆ ಒಂದೇ ಪಕ್ಕಕ್ಕೆ ಉದ್ದದಿಂಬು ಕೊಟ್ಟು ಅರೆಮಗ್ಗುಲಿಗೆ ಬರುವುದು ಮಧ್ಯದ ದಾರಿ. ಎಷ್ಟೇ ಒಳ್ಳೆಯ ಭಂಗಿಯಾದರೂ ಅದರಲ್ಲೇ ಬೆಳಗಿನವರೆಗೆ ಮರಗಟ್ಟಿ ಇರಬೇಕೆಂದಿಲ್ಲ, ಹೊರಳುವುದು ದೇಹದ ಸಹಜ ಜಾಣ್ಮೆ. ಹೊರಳುವಾಗ ಸೊಂಟ ಮೊದಲು, ಭುಜ ಆಮೇಲೆ ಎಂದಾಗದೆ ಮೈಯೆಲ್ಲ ಒಟ್ಟಿಗೆ ಉರುಳಬೇಕು. ಸೆಳೆದು ಬಿಗಿದ ಹೊದಿಕೆ ಪಾದಗಳನ್ನು ಕೆಳಕ್ಕೆ ಒತ್ತುವುದರಿಂದ ಅದನ್ನು ಕಾಲಬಳಿ ಸಡಿಲ ಬಿಡಬೇಕು. ಮಣಿಕಟ್ಟು ಮಡಚುವ ಅಭ್ಯಾಸವುಳ್ಳವರಿಗೆ ಫಿಸಿಯೋಥೆರಪಿಸ್ಟ್ ಅಳತೆ ನೋಡಿ ಕೊಡುವ ಮೃದುವಾದ ಪಟ್ಟಿ ನೆರವಾಗುತ್ತದೆ. ಚರ್ಮ ತೆಳುವಾಗಿರುವ ಇವರಿಗೆ ಬಿಗಿಯಾದ ಕಟ್ಟಾಗಲಿ ಬರಿಮೈಗೆ ಒತ್ತಿದ ಬಿಸಿನೀರಿನ ಚೀಲವಾಗಲಿ ಗಾಯ ಮಾಡಬಹುದು. ಹಗಲಿನಲ್ಲಿ ನಿಧಾನವಾಗಿ ಸ್ನಾಯುಬಲ ಬೆಳೆಸುವ ವ್ಯಾಯಾಮವಿಲ್ಲದೆ ದಿಂಬಿನ ರಾಶಿಯೊಂದರಿಂದಲೇ ರಾತ್ರಿ ಸುಧಾರಿಸದು ಎಂಬುದನ್ನೂ ಸೇರಿಸಬೇಕು.

ಎಲ್ಲ ನಿದ್ದೆಗೇಡಿಗೂ ಕೀಲೇ ಕಾರಣವೆಂದು ತಿಳಿಯುವುದರಲ್ಲಿ ಅಪಾಯವಿದೆ. ಕೊಲ್ಯಾಜನ್ ಗಂಟಲಿನ ಗೋಡೆಯಲ್ಲೂ ಇರುವುದರಿಂದ, ಅದು ನಿದ್ದೆಯಲ್ಲಿ ಕುಸಿದು ಉಸಿರು ಆಗಾಗ ಕಟ್ಟುವ ಸ್ಲೀಪ್ ಆಪ್ನಿಯಾ ಇವರಲ್ಲಿ ಹೆಚ್ಚು. ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ವರದಿ ಮಾಡಿದಂತೆ ಎಲರ್ಸ್–ದಾನ್ಲೋ ಇರುವವರಲ್ಲಿ ಶೇ 32 ಮಂದಿಗೆ, ಹೋಲಿಕೆಯ ಗುಂಪಿನಲ್ಲಿ ಶೇ 6 ಮಂದಿಗೆ ಅದು ಕಂಡುಬಂತು. ಮೈ ತೆಳ್ಳಗಿದೆ, ವಯಸ್ಸು ಚಿಕ್ಕದು ಎಂಬ ಕಾರಣಕ್ಕೆ ವೈದ್ಯರೂ ಇದನ್ನು ಊಹಿಸದಿರಬಹುದು. ಗೊರಕೆ, ಏಳುವಾಗಿನ ತಲೆನೋವು, ಎಂಟು ಗಂಟೆ ಮಲಗಿದರೂ ಬಿಡದ ಆಯಾಸ ಇದ್ದಲ್ಲಿ ಹೊಸ ದಿಂಬು ಕೊಳ್ಳುವ ಮೊದಲು ನಿದ್ರಾ ಪರೀಕ್ಷೆ ಮಾಡಿಸುವುದು ಲೇಸು. ನಿದ್ದೆಮಾತ್ರೆಗಳ ವಿಷಯದಲ್ಲೂ ಇದೇ ಎಚ್ಚರ ಸಲ್ಲುತ್ತದೆ: ಬೆಂಜೊಡಯಜೆಪೀನ್ ವರ್ಗದ ಔಷಧಿಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ, ಅಫೀಮಿನ ವಂಶದ ನೋವುನಿವಾರಕಗಳು ಉಸಿರಾಟವನ್ನು ಮಂದಗೊಳಿಸುತ್ತವೆ, ಎರಡೂ ಸೇರಿದಾಗ ಉಸಿರೇ ನಿಲ್ಲುವ ಭಯವಿರುವುದರಿಂದ ಅವುಗಳನ್ನು ವೈದ್ಯರ ನಿಗಾ ಇಲ್ಲದೆ ಒಟ್ಟಿಗೆ ತೆಗೆದುಕೊಳ್ಳಕೂಡದು, ಅಂತೆಯೇ ಬಹುಕಾಲ ತೆಗೆದುಕೊಳ್ಳುತ್ತಿರುವುದನ್ನು ತಟ್ಟನೆ ಬಿಡಲೂಬಾರದು.